ಮೇಲೆ ನೋಡುವ ತೋಳು

ಹಮೀದಾಬಿ ಎಲ್ಲಿ ಕೂತರೂ ಸಪ್ನಾಳ ಕೈ ಕಾಣುವ ಹಾಗೆಯೇ ಕೂರುತ್ತಿದ್ದಳು. ಚಹಾ ಕುಡಿಯುವಾಗಲೂ ಕಣ್ಣು ಇವಳ ಸೂಜಿಯ ಮೇಲೆಯೇ. ಯಾರಾದರೂ ಹೀಗೆ ಕಾವಲು ಕೂತರೆ ನೆಟ್ಟಗಿನ ಹೊಲಿಗೆಯೂ ಸೊಟ್ಟಗಾಗುತ್ತದೆ ಎಂದು ಸಪ್ನಾ ಒಳಗೊಳಗೇ ಉರಿಯುತ್ತಿದ್ದಳು.

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯ ಆ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರೇ ಟೇಲರ್, ಉಳಿದವರು ಬರೀ ಮಷೀನ್ ತುಳಿಯುವವರು. ಕತ್ತರಿ ಹಮೀದಾಬಿಯ ಕೈ ಬಿಟ್ಟು ಕದಲುತ್ತಿರಲಿಲ್ಲ. ಕೊನೆಗೊಮ್ಮೆ ಶಹಾಬಾದಿನ ಗಿರಾಕಿ ಮುಸರತಳ ಕುರ್ತಾದ ಬಟ್ಟೆ ಬಂದಾಗ ಅದನ್ನು ಸಪ್ನಾಳತ್ತ ಸರಿಸಿದ್ದಳು.

"ಇದು ನೀ ಕತ್ತರಸು. ಛಲೋ ಬಂದ್ರ ಕತ್ತರಿ ನಿಂದು. ಇಲ್ಲಾಂದ್ರ ಮತ್ತ ಗುಂಡಿ ಹಚ್ಕೊಂತ ಕುಂದ್ರು."

ಕಡುಗೆಂಪು ಮಖಮಲ್ಲು, ಮುಂಗೈತನಕ ತೋಳು. ಮುಸರತ ಅದನ್ನು ತನ್ನ ಅಣ್ಣನ ಮದುವೆಯ ಔತಣಕ್ಕೆ, ವಲೀಮಾಕ್ಕೆ, ತೊಡುವವಳಿದ್ದಳು. ವಲೀಮಾ ನಾಳೆ. ಕುರ್ತಾ ಮುಗಿದು ಹ್ಯಾಂಗರಿನಲ್ಲಿ ತೂಗುತ್ತಿತ್ತು, ಮುಸರತ ರೈಲು ಹತ್ತಿದ್ದಾಳೆಂದು ಫೋನೂ ಬಂದಿತ್ತು. ಆಗ ಹಮೀದಾಬಿ ಎದ್ದು ಬಂದು ಎರಡೂ ತೋಳುಗಳ ಮೇಲೆ ಅಂಗೈ ಆಡಿಸಿದಳು. ಮತ್ತೊಮ್ಮೆ ಆಡಿಸಿದಳು. ಕುರ್ತಾವನ್ನು ಬಾಗಿಲ ಬೆಳಕಿಗೆ ಹಿಡಿದಳು.

"ಈ ತೋಳು ಕೆಳಗ ನೋಡ್ತದ. ಆ ತೋಳು ಮ್ಯಾಲ ನೋಡ್ತದ."

ಸಪ್ನಾ ನೋಡಿದಳು. ಒಂದೇ ಬಟ್ಟೆ, ಆದರೆ ಒಂದು ತೋಳು ಗಾಢ ಕೆಂಪು, ಇನ್ನೊಂದು ಹತ್ತು ಸಲ ಒಗೆದಷ್ಟು ಮಂಕು. ಮಖಮಲ್ಲಿನ ನವಿರು ಒಂದೇ ಕಡೆ ಮಲಗಿರುತ್ತದೆ. ಬಟ್ಟೆ ತಿರುವಿದರೆ ಬಣ್ಣವೂ ತಿರುಗುತ್ತದೆ.

"ಒಂದು ತೋಳಿನ ತಲಿಗೆ ಇನ್ನೊಂದರ ಬುಡ ಇಟ್ಟು ಕತ್ತರಿಸಿದ್ರ ಬಟ್ಟಿ ಉಳಿತದ ಅಂತ ನೀವೇ ಕಲಿಸಿದ್ರಲ್ಲ ಖಾಲಾ!"

"ಕಾಟನ್ನಿಗೆ ಕಲಿಸೀನಿ. ಇದಕ್ಕ ಕತ್ತರಿ ಹಚ್ಚೂ ಮುಂಚೆ ಕೈ ಆಡಿಸಿ ನೋಡಿದ್ದೇನು?"

ನೋಡಿರಲಿಲ್ಲ. ಕತ್ತರಿ ಕೈಗೆ ಬಂದ ಖುಷಿಯಲ್ಲಿ ಕೈ ಆಡಿಸುವ ತಾಳ್ಮೆ ಯಾರಿಗಿತ್ತು?

"ಅಷ್ಟು ಮಂದ್ಯಾಗ ಯಾರ್ ನೋಡ್ತಾರ್ರಿ?"

"ಯಾರೂ ನೋಡ್ಲಿಕ್ಕಿಲ್ಲ. ಕೊರಳು ನನಕಿಂತ ಛಲೋ ಇಟ್ಟೀದಿ. ತೋಳು ತಪ್ಪಾಗ್ಯಾದ. ನನಗ ಕಂಡದ್ದು ಹೇಳೀನಿ. ಕೊಡೂದು ಬಿಡೂದು ನಿಂದು."

ಹಮೀದಾಬಿ ಯಾರನ್ನಾದರೂ ಹೊಗಳಿದ್ದು ಆ ಅಂಗಡಿಯಲ್ಲಿ ಅದೇ ಮೊದಲು. ಹೊಗಳಿಸಿಕೊಂಡವಳ ಕಿವಿಗೆ ಅದು ಬೀಳಲೇ ಇಲ್ಲ.

ಸಪ್ನಾ ಕುರ್ತಾವನ್ನು ನೆರಳಿಗೆ ಒಯ್ದಳು. ಪರವಾಗಿಲ್ಲ ಎನಿಸಿತು. ಬೆಳಕಿಗೆ ತಂದಳು, ಇಲ್ಲ. ಗೋಡೆಯತ್ತ ತಿರುಗಿಸಿ ನೇತುಹಾಕಿ, ಬೇರೆ ಕೆಲಸಕ್ಕೆ ಕೂತು, ಮತ್ತೆ ಎದ್ದಳು. ತಲೆಗೆ ಹುಳ ಬಿಟ್ಟು ತಾನು ಹಾಯಾಗಿ ಮಷೀನ್ ತುಳಿಯುತ್ತಿದ್ದಾಳಲ್ಲ ಈ ಮುದುಕಿ ಎಂದು ಸಿಟ್ಟು ಬಂತು. ಹೇಳದಿದ್ದರೆ ಈಗ ಎಷ್ಟು ಸುಖವಾಗಿರುತ್ತಿದ್ದೆ! ಹೊರಗೆ ರೈಲು ಬಂದು ನಿಂತ ಸದ್ದಾಯಿತು.

ಮುಸರತ ಮೊಣಕೈತನಕ ಮೆಹಂದಿ ಹಚ್ಚಿಸಿಕೊಂಡು ಬಂದಿದ್ದಳು. ಕುರ್ತಾ ತೊಟ್ಟು ಒಳಗಿನ ಕನ್ನಡಿಯ ಮುಂದೆ ಗಿರ್ರನೆ ತಿರುಗಿದಳು.

"ಮಸ್ತ್ ಬಂದದ! ಇದನ್ನ ಯಾರ್ ಹೊಲದಾರ?"

ಹೇಳಿಬಿಟ್ಟರೆ ಆಯಿತು, ನಾನೇ ಎಂದು. ಕತ್ತರಿ ನನ್ನದಾಗುತ್ತದೆ. ಸಪ್ನಾ ಹಮೀದಾಬಿಯತ್ತ ನೋಡಿದಳು. ಆಕೆ ತಲೆ ಎತ್ತಲಿಲ್ಲ. ಮುಸರತ ಫೋಟೊ ತೆಗೆದುಕೊಳ್ಳಲು ಫೋನ್ ಹಿಡಿದು ಬಾಗಿಲತ್ತ ನಡೆದಳು.

"ನಿಲ್ರಿ ಆಪಾ. ಒಂದು ತೋಳು ಉಲ್ಟಾ ಕತ್ತರಿಸೀನಿ. ನಂದೇ ತಪ್ಪು."

ಮುಸರತ ಬೆಳಕಿನಲ್ಲಿ ಎರಡೂ ಕೈ ಮುಂದೆ ಚಾಚಿ ನೋಡಿಕೊಂಡಳು. ಮುಖ ಇಳಿಯಿತು.

"ಯಾ ಅಲ್ಲಾ! ಇಷ್ಟೊತ್ತನಕ ಏನೂ ಕಂಡಿರ್ಲಿಲ್ಲ. ಈಗ ಅದು ಬಿಟ್ರ ಬ್ಯಾರೆ ಏನೂ ಕಾಣವಲ್ದು! ಯಾಕರ ಹೇಳ್ದಿ?"

"ನನಗೂ ಹಂಗೇ ಆಗ್ಯಾದ್ರಿ," ಎಂದಳು ಸಪ್ನಾ. ಅಳು ಬಂದೇಬಿಟ್ಟಿತ್ತು.

ನಾಳೆ ಏನು ತೊಡಲಿ, ನಿಮ್ಮನ್ನು ನಂಬಿ ಬಂದೆನಲ್ಲ ಎಂದು ಮುಸರತ ಮನಸ್ವೀ ಬೈದಳು. ಸಪ್ನಾ ನಿಂತೇ ಬೈಸಿಕೊಂಡಳು. ಆಮೇಲೆ ಉಳಿಸಿಟ್ಟಿದ್ದ ತುಂಡನ್ನು ತಂದು ಹಾಸುಗಲ್ಲಿನ ಮೇಲೆ ಹರಡಿದಳು. ಪೂರ್ತಿ ತೋಳಿಗೆ ಅದು ಸಾಲುತ್ತಿರಲಿಲ್ಲ.

"ಉಲ್ಟಾ ತೋಳು ಇದರಾಗ ಹೊಸದು ಕತ್ತರಿಸಿ, ಎರಡೂ ಮೊಣಕೈಗೆ ತಂದ್ರ ಆಗ್ತದ್ರಿ. ಮೆಹಂದಿನೂ ಕಾಣ್ತದ."

ಮುಸರತ ಒಂದು ತೋಳನ್ನು ಮೇಲೆ ಮಡಚಿ ತನ್ನ ಮೆಹಂದಿ ನೋಡಿಕೊಂಡಳು. ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಸಂಜಿ ಗಾಡಿಗೆ ಹೋಗ್ಬೇಕು ನಾ," ಎಂದು ಕುರ್ತಾ ಬಿಚ್ಚಿಕೊಟ್ಟು ಸ್ಟೂಲಿನ ಮೇಲೆ ಧೊಪ್ಪನೆ ಕೂತಳು.

ಸಪ್ನಾ ತುಂಡಿನ ಮೇಲೆ ಅಂಗೈ ಆಡಿಸಿದಳು. ಒಂದು ಕಡೆ ನುಣುಪು, ಇನ್ನೊಂದು ಕಡೆ ತಡೆಯಿತು. ನವಿರು ಮಲಗಿದ ದಿಕ್ಕಿಗೆ, ಬಟ್ಟೆಯ ಹಿಂಬದಿಯಲ್ಲಿ ಸೀಮೆಸುಣ್ಣದಿಂದ ಬಾಣ ಎಳೆದಳು. ಕತ್ತರಿ ಹಿಡಿದು ಪಕ್ಕಕ್ಕೆ ನೋಡಿದಳು. ಹಮೀದಾಬಿ ಯಾವಾಗಲೂ ಕೂರುವ ಜಾಗ ಖಾಲಿಯಿತ್ತು. ಆಕೆ ತಲೆ ಮೇಲೆ ಸೆರಗು ಹೊದ್ದು ನಮಾಜಿಗೆ ಒಳಕೋಣೆಯತ್ತ ಹೊರಟಿದ್ದಳು.

"ಖಾಲಾ, ಕತ್ತರಸೂ ಮುಂಚೆ ಒಮ್ಮೆ ನೋಡಿ ಹೋಗ್ರಿ."

"ನೀನೇ ನೋಡು," ಎಂದಳು ಹಮೀದಾಬಿ. ತಿರುಗಿಯೂ ನೋಡದೆ ಒಳಗೆ ಹೋದಳು.