ಒಂದು ಗಂಟೆಯ ಊಟ

“ಆ ಫ್ಯಾನ್ ಆರ್ಸ್ರಿ” ಎಂದ ಅರುಣ.

ಹೆಣ್ಣು ಇನ್ನೂ ಹೊರಗೆ ಬಂದಿರಲಿಲ್ಲ. ಉಪ್ಪಿಟ್ಟಿನ ತಟ್ಟೆಗಳು ಆಗಷ್ಟೇ ಟೀಪಾಯಿಯ ಮೇಲೆ ಕೂತಿದ್ದವು. ಈ ಸಲದ ಜೋಳದ ಬೆಳೆಯ ಬಗ್ಗೆ ಮಾತಾಡುತ್ತಿದ್ದ ಹೆಣ್ಣಿನ ತಂದೆ ಚಂದ್ರಶೇಖರಪ್ಪನವರು ಬಾಯಿ ಮುಚ್ಚಿ ತಲೆಯೆತ್ತಿ ನೋಡಿದರು. ಫ್ಯಾನು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಹೊರಗೆ ಏಪ್ರಿಲ್ ಬಿಸಿಲು.

“ಸೆಕೆ ಐತಲ್ಲೋ” ಎಂದು ಸೋದರಮಾವ ಉಚ್ಚಂಗಪ್ಪ ನಗುತ್ತ ಅರುಣನ ತೊಡೆ ಅದುಮಿದ. ನಗು ಮನೆಯವರಿಗೆ, ಅದುಮಿದ್ದು ಅಳಿಯನಿಗೆ.

“ಕೆಪಾಸಿಟರ್ ಹೋಗೈತೆ ಮಾವ. ಗುಂಯ್ ಅಂತೈತೆ. ತಲೆ ಒಳಗೆ ಹೊಕ್ತೈತೆ.”

ಹೂವಮ್ಮ ಕಣ್ಣು ಮುಚ್ಚಿಕೊಂಡಳು. ಬಸ್ಸಿನಲ್ಲಿ ಶಿಕಾರಿಪುರದಿಂದ ಶಿರಾಳಕೊಪ್ಪದವರೆಗೂ ಮಗನಿಗೆ ಪಾಠ ಹೇಳಿಕೊಟ್ಟಿದ್ದಳು. ಉಪ್ಪಿಟ್ಟು ಕೊಟ್ಟರೆ ತಿನ್ನಬೇಕು, ಹುಡುಗಿಗೆ ಕೆಲಸದ ಬಗ್ಗೆ ಒಂದು ಮಾತು ಕೇಳಬೇಕು, ಮೋಟಾರಿನ ಸುದ್ದಿ ತೆಗೆಯಬಾರದು. ಅರುಣ ಎಲ್ಲವನ್ನೂ ಎರಡು ಸಲ ಒಪ್ಪಿಸಿದ್ದ. ಆದರೆ ಫ್ಯಾನಿನ ಬಗ್ಗೆ ಅವಳು ಏನೂ ಹೇಳಿರಲಿಲ್ಲ, ತಪ್ಪು ಅವಳದ್ದೇ.

ಆಗ ಒಳಕೋಣೆಯ ಪರದೆಯ ಹಿಂದಿನಿಂದ ಒಂದು ದನಿ ಬಂತು. “ನಾನೂ ಒಂದು ವರ್ಷದಿಂದ ಹೇಳ್ತಾನೇ ಇದೀನಿ ಅಪ್ಪ. ಯಾರಿಗೂ ಕೇಳಲ್ಲ.” ದನಿಯ ಹಿಂದೆಯೇ ಬಳೆಯಿಲ್ಲದ ಒಂದು ಕೈ ಪರದೆ ಸರಿಸಿಕೊಂಡು ಬಂದು ಸ್ವಿಚ್ಚು ಒತ್ತಿ ಮರೆಯಾಯಿತು. ಫ್ಯಾನು ನಿಧಾನವಾಗಿ ನಿಂತಿತು. ಅರುಣನ ಭುಜಗಳು ಕೆಳಗಿಳಿದವು.

ಉಡುತಡಿಯ ಅರುಣನಿಗೆ ಮೂವತ್ತೊಂದು ವರ್ಷ. ಶಿಕಾರಿಪುರದಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸ. ಅವನು ಸುತ್ತಿದ ಮೋಟಾರು ಬೇಗ ಸುಡುವುದಿಲ್ಲವೆಂದು ರೈತರು ಕಾದು ನಿಂತು ಅವನ ಕೈಯಲ್ಲೇ ಮಾಡಿಸಿಕೊಳ್ಳುತ್ತಾರೆ. “ನೀವೇ ಹಾಳ್ ಮಾಡಿರೋದು” ಎಂದು ಮುಖಕ್ಕೆ ಹೊಡೆದಂತೆ ಹೇಳಿದರೂ ಸಹಿಸಿಕೊಳ್ಳುತ್ತಾರೆ. ಹೆಣ್ಣಿನ ಮನೆಯವರಿಗೆ ಅಂಥ ತಾಳ್ಮೆ ಎಲ್ಲಿಂದ ಬರಬೇಕು? ಇಲ್ಲಿಯವರೆಗೆ ಆರು ಕಡೆ ನೋಡಿಯಾಗಿತ್ತು. ಒಂದು ಕಡೆ, ಹುಡುಗಿ ಹೇಗಿದ್ದಾಳೆ ಎಂದು ಕೇಳಿದರೆ “ನೆಗಡಿ ಆಗೈತೆ” ಎಂದಿದ್ದ. ಆಗಿತ್ತು ಕೂಡ. ಎಲ್ಲ ಕಡೆಯಿಂದಲೂ ಬಂದ ಉತ್ತರ ಒಂದೇ: ಹುಡುಗ ಒಂಥರಾ.

ಆ ‘ಒಂಥರಾ’ ಕೇಳಿ ಕೇಳಿ ಹೂವಮ್ಮನ ಕಿವಿ ಸವೆದಿತ್ತು. ಅವನಪ್ಪ ಹೋಗಿ ಹನ್ನೆರಡು ವರ್ಷ. ಮಗ ದುಡಿಯುತ್ತಾನೆ, ತನ್ನ ಬಟ್ಟೆ ತಾನೇ ಒಗೆಯುತ್ತಾನೆ, ತನ್ನ ತಟ್ಟೆಗೆ ತಾನೇ ಬಡಿಸಿಕೊಳ್ಳುತ್ತಾನೆ. ಅನ್ನಕ್ಕೆ ಪಲ್ಯ ತಾಗಬಾರದು, ಸಾರು ಬೇರೆ ಬಟ್ಟಲಲ್ಲಿರಬೇಕು, ಗಂಟೆ ಒಂದಕ್ಕೆ ಸರಿಯಾಗಿ ಕೂರಬೇಕು, ಅಷ್ಟೇ. ಮದುವೆ ಮನೆಗಳಲ್ಲಿ ಎಲೆ ತುಂಬ ಕಲೆಸಿ ಬಡಿಸಿದ್ದನ್ನು ನೋಡಿ ಅವನು ಎದ್ದು ಬಂದಾಗ ಜನ ನಕ್ಕಿದ್ದರು. ಬಡಿಸುವುದಕ್ಕೆ ಯಾರೂ ಬೇಕಾಗಿರಲಿಲ್ಲ. ತನ್ನ ಕಾಲ ಮುಗಿದ ಮೇಲೆ, ಅವನ ತಟ್ಟೆ ನೋಡಿ ನಗದ ಒಂದು ಜೀವ ಅವನೆದುರು ಕೂತು ಉಣ್ಣಬೇಕು. ಹೂವಮ್ಮ ದೇವರ ಮುಂದೆ ಕೈಮುಗಿದು ಕೇಳುತ್ತಿದ್ದುದು ಅದೊಂದನ್ನೇ.

ಮೈತ್ರಿ ಹೊರಗೆ ಬಂದಳು. ಇಪ್ಪತ್ತೆಂಟರ ಹುಡುಗಿ, ಸೊರಬದ ದಾರಿಯ ಆ ಊರಿನ ಅಂಚೆ ಕಚೇರಿಯನ್ನು ಒಬ್ಬಳೇ ನಡೆಸುವವಳು. ಮಲ್ಲಿಗೆಯ ದಂಡೆ ತಲೆಯಲ್ಲಿ ಇರಬೇಕಾಗಿತ್ತು, ಕೈಯಲ್ಲಿತ್ತು. ಅದನ್ನು ಟೀಪಾಯಿಯ ತುದಿಯಲ್ಲಿ ಇಟ್ಟು, “ಮುಡ್ಕೊಂಡ್ರೆ ತಲೆನೋವು ಬರುತ್ತೆ” ಎಂದು ಎಲ್ಲರಿಗೂ ಸೇರಿಸಿ ಹೇಳಿ ಕುರ್ಚಿಯಲ್ಲಿ ಕೂತಳು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ಮಾಲಾ ಸೆರಗಿನಿಂದ ಬಾಯಿ ಒರೆಸಿಕೊಂಡರು.

“ಏನಾರ ಕೇಳೋದಿದ್ರೆ ಕೇಳಪ್ಪ” ಎಂದ ಉಚ್ಚಂಗಪ್ಪ.

“ಪೋಸ್ಟ್ ಆಫೀಸಲ್ಲಿ ಏನ್ ಕೆಲ್ಸ ಮಾಡ್ತೀರಿ?” ಅರುಣ ಪಾಠ ಒಪ್ಪಿಸಿದ.

ಮೈತ್ರಿ ಹೇಳತೊಡಗಿದಳು. ಚೀಲ ಎಷ್ಟು ಹೊತ್ತಿಗೆ ಬರುತ್ತದೆ, ದಾರವನ್ನು ಯಾವ ಕಡೆಯಿಂದ ಕತ್ತರಿಸಬೇಕು, ತಾರೀಕಿನ ಅಚ್ಚನ್ನು ಬೆಳಿಗ್ಗೆ ಹೇಗೆ ಬದಲಿಸಬೇಕು. ಉಚ್ಚಂಗಪ್ಪ ಎರಡು ಸಲ ಆಕಳಿಸಿದ. ಅವಳಿಗೆ ಅದು ಕಾಣಲಿಲ್ಲ.

“ಸೀಲು ನೆಟ್ಟಗೆ ಬೀಳ್ಬೇಕು. ಓರೆ ಬಿದ್ರೆ ನಂಗೆ ಸಾಯಂಕಾಲದವರೆಗೂ ಸಮಾಧಾನ ಇರಲ್ಲ.”

“ಒಂದ್ ಸುತ್ತು ಹೆಚ್ಚಾದ್ರೂ ಹಂಗೇನೇ” ಎಂದ ಅರುಣ. “ಎಲ್ಲ ಬಿಚ್ಚಿ ಮತ್ತೆ ಸುತ್ತಬೇಕು.”

“ಹೌದು. ಬಿಚ್ಚಲೇಬೇಕು.”

ಅವನು ನಿಂತ ಫ್ಯಾನನ್ನು ನೋಡುತ್ತಿದ್ದ. ಅವಳು ಮಲ್ಲಿಗೆಯನ್ನು ನೋಡುತ್ತಿದ್ದಳು. “ಎಷ್ಟ್ ಸಂಕೋಚ ನೋಡಿ ಮಾರಾಯ್ರೆ, ಈಗಿನ ಕಾಲದಲ್ಲಿ” ಎಂದು ಚಂದ್ರಶೇಖರಪ್ಪನವರು ಬೀಗಿದರು. ಉಚ್ಚಂಗಪ್ಪನೂ ಹೌದೌದು ಎಂದು ತಲೆಯಾಡಿಸಿದ. ಹೂವಮ್ಮ ಮಾತ್ರ ಆ ಹುಡುಗಿಯನ್ನೇ ದಿಟ್ಟಿಸುತ್ತ ಕೂತಳು.

ಅಷ್ಟರಲ್ಲಿ ಅರುಣ ಗಡಿಯಾರ ನೋಡಿದ. “ಅವ್ವ, ಒಂದು ಗಂಟೆ.”

ಇದಕ್ಕೂ ಹೂವಮ್ಮ ತಯಾರಿ ಮಾಡಿಕೊಂಡೇ ಬಂದಿದ್ದಳು. ಹೆಣ್ಣಿನ ಮನೆಯಿಂದ ಹನ್ನೆರಡೂವರೆಗೆಲ್ಲ ಹೊರಟು ಬಸ್‌ಸ್ಟಾಪಿನಲ್ಲಿ ಉಣ್ಣಿಸುವುದೆಂದು ಮೂರು ಡಬ್ಬಿಗಳಲ್ಲಿ ಮೂರು ಬಗೆ ಕಟ್ಟಿಕೊಂಡಿದ್ದಳು. ಆದರೆ ಬಸ್ಸು ಶಿರಾಳಕೊಪ್ಪದಲ್ಲಿ ಅರ್ಧ ತಾಸು ನಿಂತಿತು. ಈ ಊರಲ್ಲಿ ಇಳಿಯುವಾಗ ಉಚ್ಚಂಗಪ್ಪ ಹೆಗಲಿನ ಟವೆಲ್ ಸರಿಮಾಡಿಕೊಂಡನೇ ಹೊರತು ಮೇಲಿಟ್ಟ ಡಬ್ಬಿಗಳ ಚೀಲ ಇಳಿಸಲಿಲ್ಲ. ಡಬ್ಬಿಗಳು ಬಸ್ಸಿನ ಜೊತೆ ಸೊರಬಕ್ಕೆ ಹೋದವು. ಉಪ್ಪಿಟ್ಟಿನಲ್ಲಿ ಕ್ಯಾರೆಟ್ಟು, ಬಟಾಣಿ ಎಲ್ಲ ಕಲೆತಿದ್ದರಿಂದ ಅವನು ಅದನ್ನು ಮುಟ್ಟಿರಲಿಲ್ಲ.

“ಇನ್ನೊಂದ್ ಸ್ವಲ್ಪ ತಡಿಯಪ್ಪ.”

“ಒಂದು ಗಂಟೆ ಆತು.” ಅರುಣ ಎದ್ದು ನಿಂತ. ಹೆಬ್ಬೆರಳು ತೋರುಬೆರಳನ್ನು ಉಜ್ಜತೊಡಗಿತ್ತು. ಇಲ್ಲದ ತಂತಿಯೊಂದನ್ನು ಸುತ್ತುವ ಹಾಗೆ.

“ಊಟಕ್ಕೇ ಏಳಿ ಹಂಗಾದ್ರೆ, ಅಡುಗೆ ಆಗಿದೆ” ಎಂದರು ಮಾಲಾ, ಸ್ವಲ್ಪ ಅನುಮಾನದಿಂದಲೇ.

“ಏ, ಎಲ್ಲಾದ್ರೂ ಉಂಟೇನ್ರಿ!” ಉಚ್ಚಂಗಪ್ಪ ನೆಟ್ಟಗೆ ಕೂತ. “ಒಪ್ಪಿಗೆ ಆಗದೆ ಹೆಣ್ಣಿನ ಮನೇಲಿ ಅನ್ನ ಮುಟ್ಟೋ ಪದ್ಧತಿ ನಮ್ಮಲ್ಲಿಲ್ಲ. ಮನೀಗೆ ಹೋಗಿ, ನಾಕ್ ಜನ ಕೂತು ಮಾತಾಡಿ, ಆಮೇಲೆ ಹೇಳಿ ಕಳಿಸ್ತೀವಿ.”

“ನಮ್ಮಲ್ಲೂ ಹಂಗೇ ಅನ್ನಿ” ಎಂದರು ಚಂದ್ರಶೇಖರಪ್ಪನವರು. ಎರಡೂ ಕಡೆಯ ಹಿರಿಯರು ಪದ್ಧತಿಯನ್ನು ಉಳಿಸಿಕೊಂಡ ತೃಪ್ತಿಯಲ್ಲಿದ್ದರು. ಅರುಣ ಬಾಗಿಲಿಗೂ ಗೋಡೆಗೂ ನಡುವೆ ಓಡಾಡತೊಡಗಿದ್ದ. ಹೂವಮ್ಮನಿಗೆ ಅಳು ಬಂತು. ಮುಗಿಯಿತು, ಏಳನೆಯದೂ ಹೋಯಿತು, ನಾಳೆ ಇಲ್ಲಿಂದಲೂ ಅದೇ ಮಾತು ಬರುತ್ತದೆ.

ಮೈತ್ರಿ ಎದ್ದು ನಿಂತಳು. “ಒಪ್ಪಿಗೆ ಆದ್ರೆ ಊಟ ಮಾಡಬಹುದಾ?”

ಅವಳು ಅರುಣನ ಅಂಗಿಯ ಗುಂಡಿ ನೋಡುತ್ತ ಕೇಳಿದಳು: “ನಿಮಗೆ ಒಪ್ಪಿಗೆನಾ?”

ಅರುಣ ಓಡಾಡುವುದನ್ನು ನಿಲ್ಲಿಸಿದ. ಕೇಳಿದ್ದಕ್ಕೆ ಯೋಚಿಸಿ ಹೇಳುವುದು ಅವನ ಅಭ್ಯಾಸ, ಯೋಚಿಸಿದ. ಉಚ್ಚಂಗಪ್ಪ ಬಾಯಿ ತೆರೆದವನು ಹೂವಮ್ಮನ ನೋಟಕ್ಕೆ ಮುಚ್ಚಿದ.

“ಫ್ಯಾನ್ ಸದ್ದು ನಿಮಗೂ ಕೇಳ್ತೈತಲ್ಲ” ಎಂದ ಅರುಣ. “ಒಪ್ಪಿಗೆ. ನಿಮಗೆ?”

“ನಂಗೂ. ಆದ್ರೆ ನಾನು ಪೋಸ್ಟ್ ಆಫೀಸ್ ಬಿಡಲ್ಲ.”

“ಯಾಕ್ ಬಿಡ್ಬೇಕು? ವರ್ಗ ಮಾಡಿಸ್ಕಳಾಕೆ ಆಗದಿದ್ರೆ ನಾನೇ ಬರ್ತೀನಿ. ಸೊರಬದಾಗೂ ಮೋಟಾರ್ ಸುಡ್ತಾವೆ.”

“ಸರಿ” ಎಂದು ಅವಳು ಅಡುಗೆಮನೆಗೆ ಹೋದಳು. ಏಳೂವರೆ ತಿಂಗಳಿಂದ ಮೂರು ಜನ ದಲ್ಲಾಳಿಗಳು ಮಾಡಲಾಗದ ಕೆಲಸ ಎರಡು ನಿಮಿಷದಲ್ಲಿ ಮುಗಿದಿತ್ತು. ಚಂದ್ರಶೇಖರಪ್ಪನವರು ಹೆಂಡತಿಯ ಕಡೆ ನೋಡಿದರು, ಹೆಂಡತಿ ನೆಲದ ಕಡೆ ನೋಡಿದರು.

ಮೈತ್ರಿ ಎರಡು ತಟ್ಟೆ ತಂದು ಊಟದ ಮೇಜಿನ ಮೇಲೆ ಎದುರುಬದುರು ಇಟ್ಟಳು. ಅರುಣ ಕೈ ತೊಳೆದು ಬಂದು ಕೂತ. ಅವಳೂ ಕೂತಳು. ಇಬ್ಬರೂ ಊಟ ಶುರುಮಾಡಿದರು.

ಮಾಲಾ ಹೂವಮ್ಮನ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: “ತಪ್ಪು ತಿಳ್ಕೋಬೇಡಿ. ಬಡಿಸೋದು ನಾನು ಕಲಿಸಿಲ್ಲ ಅಂತಲ್ಲ. ಅವಳು ಚಿಕ್ಕೋಳಿದ್ದಾಗಿಂದ ಹಂಗೇ. ತನಗೆ ಹ್ಯಾಗೆ ಬೇಕೋ ಹಂಗೇ ನಿಮ್ಮ ಹುಡುಗನಿಗೂ ಹಾಕಿಬಿಟ್ಟಿದಾಳೆ.”

ಹೂವಮ್ಮ ಆಗ ತಟ್ಟೆಗಳ ಕಡೆ ನೋಡಿದಳು. ಎರಡರಲ್ಲೂ ಅನ್ನ ಒಂದು ಅಂಚಿಗಿತ್ತು. ಅಲಸಂದೆ ಪಲ್ಯ ಒಂದು ಸಣ್ಣ ಬಟ್ಟಲಲ್ಲಿ, ತಿಳಿಸಾರು ಇನ್ನೊಂದರಲ್ಲಿ, ಉಪ್ಪಿನಕಾಯಿ ಡಬ್ಬಿಯ ಮುಚ್ಚಳದಲ್ಲಿ, ಹಪ್ಪಳ ತಟ್ಟೆಯಿಂದ ಆಚೆ. ಯಾವುದಕ್ಕೂ ಯಾವುದೂ ತಾಗಿರಲಿಲ್ಲ. ನಡುವೆ ಖಾಲಿ ಸ್ಟೀಲು ಹೊಳೆಯುತ್ತಿತ್ತು.

ಉಚ್ಚಂಗಪ್ಪ ಟವೆಲ್ ಕೊಡವಿ ಎದ್ದ. “ಏಳಮ್ಮ ಹೂವಮ್ಮ, ಎರಡೂಕಾಲಿಂದ್ ಬಸ್ಸು ಐತೆ. ಮನೀಗೆ ಹೋಗಿ ಮಾತಾಡನ.”

ಹೂವಮ್ಮ ಎದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲ ಕಡೆ ನಡೆದಳು.

“ಅಣ್ಣಾ” ಎಂದಳು ನಲ್ಲಿ ತಿರುಗಿಸುತ್ತ, “ಬಾ, ಕೈ ತೊಳ್ಕ.”