ಗುರವ್ವನ ಮನೆ ಕಂಬದ ದುಂಬಿ

ಶ್ರೀಗಂಧದ ಕಾವಲು ಬಡಾವಣೆಯಲ್ಲಿ ಶೋಭಾರಾಣಿಯ ಮನೆಯಿರುವ ಬೀದಿಯೆಲ್ಲ ಒಂದು ಕಾಲಕ್ಕೆ ಅವಳ ಅತ್ತೆ ಹನುಮಕ್ಕನ ಹೊಲ. ಹೊಲ ಸೈಟುಗಳಾಗಿ, ಸೈಟುಗಳು ಮನೆಗಳಾದರೂ ಅಲ್ಲಿ ಬೆಳೆಯುತ್ತಿದ್ದ ಸಿಹಿಗುಂಬಳದ ಬೀಜವನ್ನು ಮಾತ್ರ ಹನುಮಕ್ಕ ಬಿಟ್ಟಿರಲಿಲ್ಲ. ವರ್ಷಾ ವರ್ಷ ಹಣ್ಣಿನಿಂದ ತೆಗೆದು, ಬೂದಿಯಲ್ಲಿ ಹೊರಳಿಸಿ, ಒಣಗಿಸಿ ಇಡುತ್ತಿದ್ದರು. ಈ ವರ್ಷ ಇಲಿ ಹೊಕ್ಕು ಮುಕ್ಕಾಲು ಪಾಲು ತಿಂದುಹಾಕಿತ್ತು. ಉಳಿದದ್ದನ್ನೆಲ್ಲ ಹಿತ್ತಲಲ್ಲಿ ಬಿತ್ತಿಯಾಗಿತ್ತು, ಈ ಸಲ ಕಾಯಿ ಕಟ್ಟದಿದ್ದರೆ ಮುಂದಕ್ಕೆ ಬೀಜವೇ ಇಲ್ಲ.

ಬಳ್ಳಿ ಚೆನ್ನಾಗೇ ಹಬ್ಬಿತು. ಹೂವೂ ಬಿಟ್ಟಿತು. ಆದರೆ ಹೆಣ್ಣು ಹೂವಿನ ಬುಡದ ಪುಟ್ಟ ಕಾಯಿ ಹಳದಿಯಾಗಿ ಉದುರತೊಡಗಿತು. ಶೋಭಾರಾಣಿ ಕೊಟ್ಟಿಗೆ ಗೊಬ್ಬರ ತಂದು ಹಾಕಿದಳು, ಪ್ರಯೋಜನವಾಗಲಿಲ್ಲ. ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಬಳ್ಳಿಯ ಹತ್ತಿರ ನಿಂತಾಗ ಅವಳಿಗೆ ಹೊಳೆಯಿತು. ಇಷ್ಟು ಹೂವಿದ್ದರೂ ಒಂದು ಹುಳದ ಸದ್ದೂ ಇಲ್ಲ.

ಕಾರಣ ಗೊತ್ತಿದ್ದದ್ದೇ. ಬೇಸಿಗೆಯಲ್ಲಿ ಎದುರು ಮನೆಯ ಸಜ್ಜಾಕ್ಕೆ ಹೆಜ್ಜೇನು ಕಟ್ಟಿತ್ತು. ಆ ಮನೆಯ ಗುರವ್ವನನ್ನು ಹುಳಗಳು ಮುತ್ತಿ, ಮುಖ ಊದಿಕೊಂಡು, ಉಸಿರು ಸಿಕ್ಕದೆ ಆಸ್ಪತ್ರೆ ಸೇರುವಂತಾಯಿತು. ಅವರ ಗಂಡ ಗಿರಿರಾಜ್ ಮಾರನೆಯ ದಿನವೇ ಔಷಧಿ ಹೊಡೆಸಿದರು. ರಸ್ತೆ ತುಂಬ ಸತ್ತ ಹುಳ. ಆಮೇಲೆ ಸಣ್ಣ ಜೇನೂ ಆ ಕಡೆ ಸುಳಿಯಲಿಲ್ಲ. ಆದರೆ ಸಾವಿನ ಬಾಗಿಲು ತಟ್ಟಿ ಬಂದವರ ಮನೆಯವರದು ತಪ್ಪೆಂದು ಯಾವ ಬಾಯಲ್ಲಿ ಅನ್ನುವುದು?

ಶೋಭಾರಾಣಿ ತಾನೇ ಗಂಡು ಹೂ ಕಿತ್ತು ಹೆಣ್ಣು ಹೂವಿಗೆ ಒರೆಸಿ ನೋಡಿದಳು. ಜಡಿಮಳೆ ಹಿಡಿದಿತ್ತು, ಹೂವಿನ ಪುಡಿ ನೆನೆದು ಒಂದೂ ಕಾಯಿ ನಿಲ್ಲಲಿಲ್ಲ. ಹನುಮಕ್ಕ ಉದುರಿದ ಕಾಯಿಗಳನ್ನು ಆರಿಸಿ ಬುಡಕ್ಕೇ ಹಾಕುತ್ತಿದ್ದರು.

ಮಳೆ ಬಿಟ್ಟ ಒಂದು ಭಾನುವಾರ ಹೂವೊಳಗೆ ದಪ್ಪನೆಯ ಕರಿದುಂಬಿಯೊಂದು ಗುಂಯ್‌ಗುಟ್ಟುತ್ತಿತ್ತು, ಮೈಯೆಲ್ಲ ಹಳದಿ ಪುಡಿ. ಅದು ಹಾರಿದ ಕಡೆಗೇ ನೋಡುತ್ತ ಶೋಭಾರಾಣಿ ಮನೆ ಮುಂದಕ್ಕೆ ಬಂದಳು. ದುಂಬಿ ರಸ್ತೆ ದಾಟಿ, ಗುರವ್ವನ ಮನೆ ಮುಂದಿನ ಮಲ್ಲಿಗೆ ಚಪ್ಪರದ ಹಳೇ ಮರದ ಕಂಬಕ್ಕೆ ಹೋಗಿ, ದುಂಡಗಿನ ತೂತಿನೊಳಗೆ ನುಸುಳಿತು. ಕಂಬದ ಬುಡದಲ್ಲಿ ಗಿರಿರಾಜ್ ಹಾರೆ ಹಿಡಿದು ನಿಂತಿದ್ದರು.

ಅವಳು ಓಡಿದಳು. ಕಂಬ ಕೀಳಬೇಡಿ ಎಂದು ಕೇಳಿಕೊಂಡಳು. ಇನ್ನೊಂದು ಸಲ ಆಸ್ಪತ್ರೆಗೆ ಅಲೆಯುವ ಶಕ್ತಿ ತಮಗಿಲ್ಲ ಎಂದು ಗಿರಿರಾಜ್ ಮೆಲ್ಲಗೇ ಹೇಳಿದರು. ಹೊಸ್ತಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ಗುರವ್ವ ಬಾಯಿಬಿಟ್ಟರು.

"ಅದು ಕಚ್ಚಲ್ವೇನೇ ಶೋಭಾ?"

"ಕೈಲಿ ಹಿಡಿದ್ರೆ ಕಚ್ಚುತ್ತೆ ಅಕ್ಕ. ಸುಳ್ಳು ಹೇಳಲ್ಲ. ಆದ್ರೆ ಹೆಜ್ಜೇನಿನ ಥರ ಗುಂಪಾಗಿ ಮೇಲೆ ಬೀಳಲ್ಲ."

ಕಂಬ ಯಾಕೆ ಬೇಕೆಂದು ಗುರವ್ವ ಕೇಳಿದಾಗ ಶೋಭಾರಾಣಿ ಬೀಜದ ಕಥೆ ಹೇಳಿದಳು. ಹೇಳಿ ಮುಗಿಯುವವರೆಗೂ ಅವರ ಕಣ್ಣು ಆ ತೂತಿನ ಮೇಲೇ ಇತ್ತು, ಕೈ ಸೆರಗನ್ನು ಹಿಂಡುತ್ತಿತ್ತು. ಕೊನೆಗೆ ಗಂಡನ ಕಡೆ ತಿರುಗಿದರು.

"ಹಾರೆ ಒಳಗಿಡಿ ರೀ. ಕಾಯಿ ಬಲಿಯೋವರೆಗೂ ನಾನು ಹಿಂದಿನ ಬಾಗಿಲಲ್ಲಿ ಓಡಾಡ್ತೀನಿ."

ಹಾಗೇ ಮಾಡಿದರು. ತರಕಾರಿ ಚೀಲ ಹೊತ್ತು, ಪಕ್ಕದ ಸಂದಿಯಲ್ಲಿ ಬಳಸಿಕೊಂಡು ಅವರು ಹೋಗುವುದನ್ನು ಶೋಭಾರಾಣಿ ದಿನವೂ ನೋಡುತ್ತಿದ್ದಳು. ಹುಳಗಳು ತನ್ನ ಕಡೆಗೇ ಬರಲೆಂದು ಹಿತ್ತಲಲ್ಲಿ ತುಳಸಿ, ಕಾಮಕಸ್ತೂರಿ ನೆಟ್ಟಳು. ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ ನೀರಿಟ್ಟಳು. ದಾಸವಾಳಕ್ಕೆ ಔಷಧಿ ಹೊಡೆಯುವುದನ್ನು ನಿಲ್ಲಿಸಿದಳು. ತುಳಸಿ ತೆನೆ ಬಿಟ್ಟ ಮೇಲೆ ಸಣ್ಣ ಜೇನುಗಳೂ ಒಂದೊಂದಾಗಿ ಬಂದವು.

ಬಳ್ಳಿಯಲ್ಲಿ ನಾಲ್ಕು ಕಾಯಿ ನಿಂತವು. ಹಣ್ಣಾದ ಮೇಲೆ ಎಲ್ಲಕ್ಕಿಂತ ದೊಡ್ಡದನ್ನು ಹನುಮಕ್ಕ ಮಗುವಿನಂತೆ ಸೊಂಟಕ್ಕಿಟ್ಟುಕೊಂಡು, ಸೊಸೆಯನ್ನು ಕರೆದುಕೊಂಡು ರಸ್ತೆ ದಾಟಿದರು. ಗುರವ್ವನ ಅಡುಗೆಮನೆಯಲ್ಲೇ ಕೂತು ಹಣ್ಣು ಕೊಯ್ದು, ಬೀಜ ಬಿಡಿಸಿ ಅವರ ಮೊರಕ್ಕೇ ಸುರಿದರು. ಇವು ಇನ್ನು ಎರಡು ಮನೆಯಲ್ಲಿರಲಿ ಎಂದರು.

ತನಗೆ ಹೆದರಿಕೆ ಇನ್ನೂ ಹೋಗಿಲ್ಲ ಎಂದು ಗುರವ್ವ ನಕ್ಕರು. ಶೋಭಾರಾಣಿ ಏನೇನೋ ಹೇಳಬೇಕೆಂದು ಬಂದಿದ್ದಳು. ಬಾಯಿಗೆ ಬಂದದ್ದು ಇಷ್ಟೇ.

"ನಿಮ್ಮ ಉಪಕಾರ ಮರೆಯಲ್ಲ ಅಕ್ಕ."

ಗುರವ್ವ ಅವಳ ಬೆನ್ನು ಸವರಿ, ಇನ್ನಿಬ್ಬರಿಗೆ ಸೇರಿಸಿ ಅಕ್ಕಿ ತೊಳೆಯಲು ಎದ್ದರು.