ಮಾರದ ಹತ್ತು ಕುರಿ

"ಇದರಾಗ ಒಂದು ಗುಡಿ ಐತಿ ನೋಡು. ಯಾವ ದೇವ್ರದು?" ಈರಕ್ಕ ಸಾವಿರ ರೂಪಾಯಿಯ ನೋಟನ್ನು ಬಿಸಿಲಿಗೆ ಹಿಡಿದು ಕೇಳಿದಳು.

"ಯಾವ್ದರ ಆಗ್ಲಿ, ಮೆತ್ತಗ ಹಿಡಿಲೇ. ಹರಿದ್ರ ಕುರಿಹಟ್ಟಿನೇ ಮಾರ್ಬೇಕಾಕೈತಿ," ಎಂದ ಗಂಡ ಉಚ್ಚಂಗೆಪ್ಪ.

ನೋಟು ಅವರದಲ್ಲ. ೧೯೭೮ರ ಜನವರಿಯಲ್ಲಿ, ಸಾವಿರದ ನೋಟು ಇನ್ನು ನಡೆಯುವುದಿಲ್ಲವೆಂದು ರೇಡಿಯೊದಲ್ಲಿ ಹೇಳಿದ ಮರುದಿನ ಸಾಹುಕಾರ ಕೊಟ್ರಬಸಪ್ಪನವರೇ ಹಟ್ಟಿಯ ತನಕ ನಡೆದು ಬಂದಿದ್ದರು. ತಮ್ಮಲ್ಲಿದ್ದುದನ್ನೆಲ್ಲ ತಾವೇ ಬ್ಯಾಂಕಿಗೆ ಒಯ್ದರೆ ಎಲ್ಲಿಂದ ಬಂತೆಂದು ಕೇಳುತ್ತಾರೆ. "ಕುರಿ ಮಾರಿದ ದುಡ್ಡು ಅಂತ ಹೇಳಿ ಬದ್ಲಿ ಮಾಡಿಸ್ಕೊಂಡು ಬಾ. ನಿನಗೂ ಐವತ್ತು ಕೊಡ್ತೀನಿ," ಎಂದಿದ್ದರು. ಆಗದೆನ್ನುವುದು ಹೇಗೆ? ಉಚ್ಚಂಗೆಪ್ಪ ರಾತ್ರಿ ಕುರಿ ತರುಬುತ್ತಿದ್ದುದು ಅವರ ಹೊಲದಲ್ಲಿ. ಬೆಳಗಾಗುವುದರೊಳಗೆ ಹೊಲಕ್ಕೆ ಬೀಳುವ ಹಿಕ್ಕೆಯ ಗೊಬ್ಬರಕ್ಕೆ ಅವರು ಅಳೆಯುತ್ತಿದ್ದ ಜೋಳವೇ ಮನೆಯ ರೊಟ್ಟಿ.

"ಇದಕ್ಕ ಎಷ್ಟು ಕುರಿ ಬರ್ತಾವ?" ಈರಕ್ಕ ಬಿಡಲಿಲ್ಲ.

"ಹತ್ತು."

"ನಾಡಿದ್ದು?"

"ನಾಡಿದ್ದು ಬರೇ ಕಾಗದ."

"ಹಂಗಾದ್ರ ಆ ಹತ್ತು ಕುರಿ ಎಲ್ಲಿಗಿ ಹೋದ್ವು?"

ಉಚ್ಚಂಗೆಪ್ಪ ಅವಳ ಕೈಯಿಂದ ನೋಟು ತೆಗೆದುಕೊಂಡು ರುಮಾಲಿನಲ್ಲಿ ಸುತ್ತಿಟ್ಟ.

ಹರಪನಹಳ್ಳಿಯ ಬ್ಯಾಂಕಿನಲ್ಲಿ ನೋಟು ಕೊಡಲು ಬಂದವರಿಗಿಂತ ಅದನ್ನು ನೋಡಲು ಬಂದವರೇ ಹೆಚ್ಚಾಗಿದ್ದರು. ಗುಮಾಸ್ತ ಹೇಳಿಕೆ ಬರೆದುಕೊಂಡು ಮಸಿಯ ಡಬ್ಬಿ ಮುಂದಿಟ್ಟ. ಉಚ್ಚಂಗೆಪ್ಪ ಹೆಬ್ಬೆರಳಿಗೆ ಮಸಿ ಹಚ್ಚಿಕೊಂಡವನು ಹಾಗೆಯೇ ನಿಂತ.

"ಏನ್ ಬರ್ದೀರಿ, ಓದ್ರಿ."

"ನನ್ನ ಸ್ವಂತ ಹತ್ತು ಕುರಿ ಮಾರಿ ಬಂದ ಹಣ ಅಂತ. ನೀನೇ ಹೇಳಿದ್ದಲ್ಲಪ್ಪಾ?"

"ಯಾವ್ಯಾವ ಕುರಿ ಅಂತ ಬರ್ದೀರೇನ್ರಿ?" ಹಿಂದಿನಿಂದ ಈರಕ್ಕ ಇಣುಕಿದಳು. ಗುಮಾಸ್ತ ನಕ್ಕ.

ಉಚ್ಚಂಗೆಪ್ಪ ನಗಲಿಲ್ಲ. ತಾನು ಬಾಯಲ್ಲಿ ಹೇಳಿದಾಗ ಏನೂ ಅನಿಸಿರಲಿಲ್ಲ. ಇನ್ನೊಬ್ಬರು ಓದಿದ್ದನ್ನು ಕೇಳಿದಾಗ, ಹಟ್ಟಿಯಲ್ಲಿ ಕಟ್ಟಿ ಬಂದ ಕುರಿಗಳಲ್ಲಿ ಹತ್ತು ಆಗಲೇ ಬೇರೆಯವರ ಪಾಲಾದಂತೆ ಅನಿಸಿತು. ನಾಳೆ ಯಾರಾದರೂ ಈ ಕಾಗದ ಹಿಡಿದು ಬಂದರೆ?

"ಮಾರಿಲ್ರಿ. ಹಟ್ಟ್ಯಾಗ ಅದಾವ," ಎಂದು ನೋಟನ್ನು ಎತ್ತಿಕೊಂಡು ಹೊರಗೆ ಬಂದುಬಿಟ್ಟ.

ಸಾಹುಕಾರರು ನೋಟು ವಾಪಸು ತೆಗೆದುಕೊಂಡರು. ಬೈಯಲಿಲ್ಲ. ಆದರೆ ಕುರಿ ತರುಬಲು ಮತ್ತೆ ಹೇಳಿಯೂ ಕಳಿಸಲಿಲ್ಲ. ಉಚ್ಚಂಗೆಪ್ಪ ಬೇರೆ ಹೊಲ ಹುಡುಕುತ್ತ ತಂಬ್ರಹಳ್ಳಿಯ ಕಡೆ ಕುರಿ ಹೊಡೆದುಕೊಂಡು ಹೋದ.

ಬೇಸಿಗೆಯಲ್ಲಿ ಈರಕ್ಕ ಸಂತೆಗೆ ಹೋಗಿ ಜೋಳ ಕೊಳ್ಳಬೇಕಾಯಿತು. ಬೆಲೆ ಏರಿತ್ತು.

"ಸಾವ್ರದ ನೋಟು ನಮ್ಮ ಮನ್ಯಾಗ ಇರ್ಲೇ ಇಲ್ಲ. ಹೋಗಿದ್ದು ಇದ್ದೋರ್ದು. ತುಟ್ಟಿ ನಮಗ್ಯಾಕ ಆತು?" ಜಗಳಕ್ಕಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

ಜೋಳದ ಮಂಜಣ್ಣ ಅವಳ ಮುಖವನ್ನೊಮ್ಮೆ ನೋಡಿದ. "ಮ್ಯಾಲಿಂದ್ಲೇ ಹಂಗ ಬಂದೈತಿ ಯಕ್ಕಾ," ಎಂದ. ಸೇರು ತುಂಬಿದ. ಅಂಚು ಮೀರಿ ನಿಂತಿದ್ದ ಕಾಳನ್ನು ಅಂಗೈಯಿಂದ ಮೆಲ್ಲಗೆ ಸವರಿದ. ಅವು ಜಾರಿ ಅವನ ರಾಶಿಗೇ ಬಿದ್ದವು. ಈರಕ್ಕ ಚೀಲದ ಬಾಯಿ ಅಗಲಿಸಿ ಹಿಡಿದಳು.